ಗಾಡಿಗೆ ಎಡ, ಕೆನ್ನೆಗೆ ಬಲ

"ಗಾಡಿ ಮೇಲಿರೋ ಗುಂಡಿ ಮುಚ್ಚಿಸೋಕೆ ಅಂತ ಗಿರಾಕಿಗಳು ಇಲ್ಲಿಗೆ ಬರ್ತಾರೆ. ಬಾಗಿಲಲ್ಲೇ ನಿನ್ನ ಮುಖ ನೋಡಿದ್ರೆ, ಇವರ ಕೈಲಿ ಅದು ಆಗೋ ಹೋಗೋ ಮಾತಲ್ಲ ಅಂತ ಹಾಗೇ ಗಾಡಿ ತಿರುಗಿಸ್ಕೊಂಡು ಹೋಗ್ತಾರೆ. ಇವನಿಗೆ ಕೌಂಟರ್ ಬೇಕಂತೆ, ಕೌಂಟರ್."

ಯಜಮಾನರು ಇದನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ವರ್ಕ್‌ಶಾಪಿನ ನಟ್ಟನಡುವೆ ನಿಂತು ಹೇಳಿದರು. ಅದಾದರೂ ಪರವಾಗಿರಲಿಲ್ಲ. ನಮ್ಮಲ್ಲಿ ಕಂಪ್ರೆಸರ್ ಇಡೀ ದಿನ ಬಡಿದುಕೊಳ್ಳುತ್ತಿರುವುದರಿಂದ ಅವರು ಬೈದದ್ದರಲ್ಲಿ ಮುಕ್ಕಾಲು ಪಾಲು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಅವತ್ತು ಆ ಹಾಳು ಯಂತ್ರ ಯಜಮಾನರು ಬಾಯಿ ತೆರೆಯುವುದನ್ನೇ ಕಾದಿದ್ದಂತೆ ಗಕ್ಕನೆ ನಿಂತುಬಿಟ್ಟಿತು. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸಿತು. ತಗಡು ತಟ್ಟುವವನು ಸುತ್ತಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿದ. ಪಾಲಿಶ್ ಮಾಡುವವನು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ. ತನ್ನ ಕಾರು ತೆಗೆದುಕೊಂಡು ಹೋಗಲು ಬಂದಿದ್ದ ಕನ್ನಡಕದ ಹೆಂಗಸೊಬ್ಬರು ಮಾತ್ರ ನಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನ ಕೆಲಸ ಗುದ್ದಿಸಿಕೊಂಡು ಬಂದ ಕಾರುಗಳಿಗೆ ಬಣ್ಣ ಹೊಡೆಯುವುದು. ಸುತ್ತಿಗೆಯವನು ತಗ್ಗನ್ನು ತಟ್ಟಿ ಎಬ್ಬಿಸುತ್ತಾನೆ. ನಾನು ಮಿಕ್ಕ ಏರುಪೇರಿಗೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದು, ಮುಖ ನೋಡಿಕೊಳ್ಳಬಹುದಾದಷ್ಟು ನುಣುಪು ಮಾಡಿ ಕೊಡುತ್ತೇನೆ. ನುಣುಪಾದ ಮೇಲೆ ನನ್ನ ಮುಖ ಅದರಲ್ಲಿ ಕಾಣುತ್ತದೆ. ಅಲ್ಲಿಗೆ ಕೆಲಸದ ಸಂತೋಷ ಮುಗಿಯುತ್ತದೆ. ಹದಿಹರೆಯದಲ್ಲಿ ಎದ್ದ ಮೊಡವೆಗಳನ್ನು ನಾನು ಕೋಪದಿಂದ ಚಿವುಟಿದೆ. ಅವು ಹೋಗುವಾಗ ಜಾಗ ಗುರುತಿಟ್ಟು ಹೋದವು. ಶಾಲೆಯನ್ನೂ ಹೆಚ್ಚು ಕಡಿಮೆ ಇದೇ ರೀತಿ ಬಿಟ್ಟೆ: ಕೋಪದಿಂದ, ಬೇಗ, ಕಲೆ ಉಳಿಯುವಂತೆ.

ಈಗ ಯಜಮಾನರು ವರ್ಕ್‌ಶಾಪಿನ ಮುಂಭಾಗದಲ್ಲಿ ಗಾಜಿನ ಕೌಂಟರ್ ಮಾಡಿಸುತ್ತಿದ್ದರು. ತಿರುಗುವ ಕುರ್ಚಿ, ತಲೆಯ ಮೇಲೊಂದು ಫ್ಯಾನು. ಅಲ್ಲಿ ಕೂರುವವನು ಇಸ್ತ್ರಿ ಅಂಗಿ ಹಾಕಿಕೊಂಡು ಗಿರಾಕಿಗಳ ಜೊತೆ ಮಾತಾಡಬೇಕು. ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆ ಕುಡಿದು ಕುಡಿದು ನನ್ನ ಎದೆ ಗೊರ ಗೊರ ಅನ್ನಲು ಶುರುವಾಗಿತ್ತು. ಬಣ್ಣದ ಕೋಣೆಯಿಂದ ಹೊರಗೆ ಬರಲು ನನಗಿದ್ದ ದಾರಿ ಆ ಕುರ್ಚಿ ಒಂದೇ. ಅದಕ್ಕೇ ಕೇಳಿದ್ದೆ. ಕೇಳಿದ್ದಕ್ಕೆ ಸಿಕ್ಕಿದ್ದು ಇದು.

ನಾನು ಬಿಡುತ್ತೇನೆಯೇ? ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬೀಸಿ ಒಗೆದೆ. ಇನ್ನು ಈ ಜಾಗದಲ್ಲಿ ಕಾಲಿಡುವುದಿಲ್ಲ ಎಂದು ಸಾರಿ ದಡದಡ ಹೊರಟೆ. ಒಗೆದ ಬಟ್ಟೆ ಪಾದಕ್ಕೆ ಸುತ್ತಿಕೊಂಡಿತು. ಅದನ್ನು ಒದರುತ್ತಾ ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡು ಗೇಟಿನ ತನಕ ಹೋದೆ. ಸಿಟ್ಟಿನಿಂದ ಹೊರನಡೆಯುವುದರಲ್ಲಿ ಒಂದು ಗಾಂಭೀರ್ಯವಿರಬೇಕು. ನನ್ನ ಹಣೆಯಲ್ಲಿ ಅದು ಬರೆದಿಲ್ಲ.

ಗೇಟಿನ ಹೊರಗೆ ಕನ್ನಡಕದ ಹೆಂಗಸು ಹಿಂದೆಯೇ ಬಂದರು. ಬೇರೆಯವರು ನನ್ನ ಮುಖ ನೋಡುವುದಕ್ಕೂ ಅವರು ನೋಡುವುದಕ್ಕೂ ವ್ಯತ್ಯಾಸವಿತ್ತು. ಹಳೆಯ ಬಾನೆಟ್ಟನ್ನು ನಾನು ನೋಡುವ ಹಾಗೆ, ತಲೆ ಓರೆ ಮಾಡಿ, ಬೆಳಕು ಹಿಡಿದು ನೋಡಿದರು.

"ಎರಡೂ ಕೆನ್ನೆ ಒಂದೇ ಸಮ ಇದೆ. ನಿಮ್ಮಂಥ ಮುಖಕ್ಕೇ ಎಷ್ಟೋ ದಿನದಿಂದ ಹುಡುಕ್ತಾ ಇದ್ದೆ," ಎಂದರು.

ನನ್ನ ಆಯುಷ್ಯದಲ್ಲಿ ಹೆಂಗಸೊಬ್ಬರು ನನ್ನ ಮುಖವನ್ನು ಹುಡುಕಿದ್ದು ಅದೇ ಮೊದಲು. ಕಾಲಿನ ಬಟ್ಟೆ ಬಿಚ್ಚುವುದನ್ನೂ ಮರೆತು ನಿಂತೆ. ಅವರು ಚರ್ಮದ ಡಾಕ್ಟರು. ಸೀರಮ್ ಅನ್ನುವ ತೆಳು ದ್ರವವೊಂದನ್ನು ಮುಖಕ್ಕೆ ಹಚ್ಚಿದರೆ ಚರ್ಮ ಸುಧಾರಿಸುತ್ತದೆಯೋ ಇಲ್ಲವೋ ಎಂದು ಸಂಶೋಧನೆ ಮಾಡುತ್ತಿದ್ದರು. ಬರುತ್ತೀರಾ ಎಂದರು. ಕೆಲಸ ಬಿಟ್ಟು ಅರ್ಧ ನಿಮಿಷವೂ ಆಗಿರದ ನಾನು, ಕೆಲಸದಿಂದ ಬಿಡುವಿದ್ದಾಗ ಬರುತ್ತೇನೆ ಎಂದು ಗತ್ತಿನಿಂದ ಒಪ್ಪಿಕೊಂಡು, ಕಾಲಿನ ಬಟ್ಟೆ ಬಿಚ್ಚಿಕೊಂಡು, ತಿರುಗಿ ಬಣ್ಣದ ಕೋಣೆಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ನಾನು ಕೆಲಸ ಬಿಡುವುದು ಅಲ್ಲಿ ವಾರದ ವಾಡಿಕೆ.

ಎಡವಟ್ಟು ಶುರುವಾದದ್ದು ಮನೆಯಲ್ಲಿ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಚಪ್ಪಲಿ ಬಿಡುತ್ತಲೇ, "ನನ್ನನ್ನ ಸಂಶೋಧನೆಗೆ ತಗೊಂಡಿದ್ದಾರೆ ಅಕ್ಕ," ಎಂದೆ.

ಇದರಲ್ಲಿ ಸುಳ್ಳು ಒಂದು ಚೂರೂ ಇಲ್ಲ. ಆದರೆ ಒಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೂ ಕಪ್ಪೆಯನ್ನು ಕೊಯ್ಯಲು ತೆಗೆದುಕೊಳ್ಳುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಕ್ರಿಯಾಪದ. ನಾನು ಶಾಲೆ ಬಿಡುವ ಹೊತ್ತಿಗೆ ಪಾಠ ಕ್ರಿಯಾಪದದವರೆಗೆ ಬಂದಿತ್ತಾದ್ದರಿಂದ ಈ ಸೂಕ್ಷ್ಮ ನನಗೆ ಚೆನ್ನಾಗಿ ಗೊತ್ತು. ಅಕ್ಕನ ಕಣ್ಣು ತುಂಬಿಕೊಂಡಿತು. ಓದದೇ ಹೋದರೂ ತಮ್ಮ ಕೊನೆಗೆ ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರಿದ ಎಂದಳು. ತಿದ್ದಬೇಕು ಎಂದುಕೊಂಡೆ. ಬಾಯಿ ತೆರೆದೆ. ಅವಳು ಅದರೊಳಗೆ ಸಕ್ಕರೆ ಹಾಕಿದಳು. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ತಿದ್ದುಪಡಿ ಮಾಡುವುದು ಮರ್ಯಾದೆಯಲ್ಲ ಎಂದು ಸುಮ್ಮನಾದೆ.

ಮಹಡಿಯ ಆಂಟಿ ಬಟ್ಟೆ ಅಳತೆ ಕೊಡಲು ಕೆಳಗೆ ಬಂದವರು ಸುದ್ದಿ ತೆಗೆದುಕೊಂಡು ಮೇಲೆ ಹೋದರು. ಸುದ್ದಿ ಮೆಟ್ಟಿಲು ಹತ್ತುವಾಗ ಬೆಳೆಯಿತು. ಇಳಿಯುವಾಗ ನನಗೆ ಬಿಳಿ ಕೋಟು ತೊಡಿಸಿಕೊಂಡೇ ಇಳಿಯಿತು. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಅಂಚೆ ತಾತ ಬಂದು, ನನ್ನ ಎದುರಿನ ಕುರ್ಚಿಯ ಮೇಲೆ ಕೂರುವ ಬದಲು ತಮ್ಮ ಪಾದವನ್ನಿಟ್ಟರು. ಹಿಮ್ಮಡಿ ಒಡೆದು ಕೆರೆಯ ತಳದ ಮಣ್ಣಿನಂತಾಗಿತ್ತು. ಬದುಕಿಡೀ ಕಾಗದ ಹಂಚಿದ ಕಾಲು.

"ನೋಡಪ್ಪ, ನೀನೀಗ ಚರ್ಮದ ವಿಷಯದಲ್ಲಿ ದೊಡ್ಡ ಮನುಷ್ಯ. ಇದಕ್ಕೇನು ಮಾಡ್ಲಿ?"

ಗೊತ್ತಿಲ್ಲ ಎನ್ನುವ ಮೂರಕ್ಷರ, ನಾಲ್ಕಕ್ಷರ ಎಷ್ಟಾದರೂ ಇರಲಿ, ಆ ಹೊತ್ತಿಗೆ ನನ್ನ ನಾಲಿಗೆಯ ಮೇಲೆ ಬರಲಿಲ್ಲ. ಪಾದವನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಬಿಸಿಲು ತಾಗಿಸಬೇಡಿ ಎಂದೆ. ತಾತ ಕೈಮುಗಿದು ಹೋದರು. ಅವತ್ತು ಸಂಜೆ ಅವರು ಛತ್ರಿಯನ್ನು ಬೆನ್ನ ಹಿಂದೆ ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಹಿಮ್ಮಡಿಗೆ ನೆರಳು ಮಾಡಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರು. ಕೇಳಿದವರಿಗೆಲ್ಲ ನನ್ನ ಹೆಸರು ಹೇಳುತ್ತಿದ್ದರು.

ಡಾಕ್ಟರ ಕೋಣೆ ಬೇರೆಯೇ ಲೋಕ. ಗಲ್ಲವನ್ನು ಒಂದು ಚೌಕಟ್ಟಿನ ಮೇಲೆ ಕೂರಿಸಿ, ಹಣೆಗೆ ಪಟ್ಟಿ ಕಟ್ಟಿ ಫೋಟೋ ತೆಗೆದರು. ಕಳ್ಳರ ಫೋಟೋ ತೆಗೆಯುವಾಗಲೂ ಇಷ್ಟು ಹತ್ತಿರದಿಂದ ತೆಗೆಯುವುದಿಲ್ಲ. ಆಮೇಲೆ ಎರಡು ಪುಟ್ಟ ಸೀಸೆ ಕೊಟ್ಟರು. ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಡದ್ದು ಎಡಗೆನ್ನೆಗೆ, ಬಲದ್ದು ಬಲಗೆನ್ನೆಗೆ. ಒಂದರಲ್ಲಿ ನಿಜವಾದ ಔಷಧಿ ಇದೆ, ಇನ್ನೊಂದು ನೋಡಲು ಅದರಂತೆಯೇ ಇರುವ ಬರೀ ಹುಸಿ.

ಯಾವುದರಲ್ಲಿ ನಿಜವಾದದ್ದು ಎಂದು ಕೇಳಿದೆ. ತಮಗೂ ಗೊತ್ತಿಲ್ಲ ಎಂದರು.

ನನಗೆ ರೇಗಿತು. "ನಿಮಗೇ ಗೊತ್ತಿಲ್ಲ ಅಂದ್ರೆ ಹೇಗೆ ಮೇಡಂ? ನಮ್ಮ ವರ್ಕ್‌ಶಾಪಲ್ಲಿ ಯಾವ ಡಬ್ಬದಲ್ಲಿ ಏನಿದೆ ಅಂತ ಗೊತ್ತಿಲ್ಲದೇ ಹೊಡೆದ್ರೆ ಅದಕ್ಕೆ ಸಂಶೋಧನೆ ಅನ್ನಲ್ಲ, ಕತ್ತೆ ಅಂತಾರೆ."

"ಗೊತ್ತಿದ್ರೆ ನಮ್ಮ ಕಣ್ಣು ಮೋಸ ಮಾಡತ್ತೆ," ಎಂದರು ಡಾಕ್ಟರು. "ಔಷಧಿ ಹಚ್ಚಿದ ಕಡೆ ಚೆನ್ನಾಗಿರೋ ಹಾಗೇ ಕಾಣೋಕೆ ಶುರುವಾಗತ್ತೆ."

ಕಣ್ಣು ಮೋಸ ಮಾಡುವುದು ಓದಿದವರಿಗಿರಬಹುದು, ನಮ್ಮಂಥ ಕೈಕೆಲಸದವರಿಗಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಸೀಸೆಗಳನ್ನು ಜೇಬಿಗಿಳಿಸಿದೆ.

ಇಲ್ಲಿ ನಮ್ಮ ಕಸುಬಿನ ಒಂದು ನಿಯಮ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಜಮಾನರು ಒಂದು ಕಾರಿನ ಎಡಬಾಗಿಲಿಗೆ ಬಣ್ಣ ಹೊಡೆ ಎಂದಿದ್ದರು. ಕಾರು ನನಗೆ ಮುಖ ಮಾಡಿ ನಿಂತಿತ್ತು. ನನ್ನ ಎಡಗೈ ಕಡೆಯ ಬಾಗಿಲಿಗೆ ಹೊಡೆದೆ. ಒಂದು ಗೀರೂ ಇಲ್ಲದ ಬಾಗಿಲು ಅದು. ಯಜಮಾನರು ನನ್ನ ಕಿವಿ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿಸಿ, ಎಡ ಅಂದರೆ ಗಾಡಿಗೆ ಎಡ, ನಿನಗಲ್ಲ; ಎದುರು ನಿಂತ ಗಾಡಿಯ ಎಡ ನಿನ್ನ ಬಲಗೈ ಕಡೆ ಬರುತ್ತದೆ ಎಂದು ಕಲಿಸಿದರು. ಆ ಕಿವಿಯಿಂದ ಹೋದ ಪಾಠ ಇನ್ನೊಂದು ಕಿವಿಯಿಂದ ಹೊರಗೆ ಬಂದಿಲ್ಲ.

ಹಾಗಾಗಿ ಮನೆಯ ಕನ್ನಡಿಯ ಮುಂದೆ ನಿಂತಾಗ ನಾನು ಹಳೆಯ ಹೆಡ್ಡನಾಗಿರಲಿಲ್ಲ. ಎದುರಿಗೆ ಒಂದು ಮುಖ ನಿಂತಿದೆ. ನನ್ನ ಕಡೆಗೇ ತಿರುಗಿದೆ. ಅಂದಮೇಲೆ ಅದರ ಎಡ ನನ್ನ ಬಲಗೈ ಕಡೆ. ಸಾಮಾನ್ಯ ಜನ ಇಲ್ಲೇ ಎಡವುವುದು ಎಂದು ಕನಿಕರಪಟ್ಟು, ಎಡ ಎಂದು ಬರೆದ ಸೀಸೆಯನ್ನು ಬಲಗೈ ಕಡೆಯ ಕೆನ್ನೆಗೆ ಹಚ್ಚಿದೆ. ದಿನವೂ ಹಚ್ಚಿದೆ. ನನ್ನಷ್ಟು ಶ್ರದ್ಧೆಯಿಂದ ತಪ್ಪು ಮಾಡುವವರು ಸಿಗುವುದು ಕಷ್ಟ.

ಕೆಲವು ವಾರ ಕಳೆದ ಮೇಲೆ ಬದಲಾವಣೆ ಕಾಣಿಸತೊಡಗಿತು. ಮೊದಲು ಕಂಡದ್ದು ಅಕ್ಕನಿಗೆ. ಬಲಗೆನ್ನೆ ರೇಷ್ಮೆಯಾಗಿದೆ ಎಂದಳು. ಬಟ್ಟೆಯ ವಿಷಯ ತಿಳಿದವಳು ಹೇಳಿದ ಮೇಲೆ ಅನುಮಾನ ಎಲ್ಲಿಯದು? ಮಹಡಿಯ ಆಂಟಿ ಮಾತ್ರ ಎಡಗೆನ್ನೆಯೇ ತಿಳಿಯಾದದ್ದು ಎಂದರು. ಮೆಟ್ಟಿಲ ಮೇಲೆ ನಿಂತು ಇಬ್ಬರೂ ವಾದಿಸಿದರು. ನನ್ನನ್ನು ನಡುವೆ ನಿಲ್ಲಿಸಿಕೊಂಡು, ಒಬ್ಬರು ಒಂದು ಕಡೆಗೆ, ಇನ್ನೊಬ್ಬರು ಇನ್ನೊಂದು ಕಡೆಗೆ ಗಲ್ಲ ಹಿಡಿದು ತಿರುಗಿಸಿದರು. ಕುತ್ತಿಗೆ ಉಳುಕಿತು. ಅವರಿಬ್ಬರ ಮಾತು ನಿಂತಿತು; ಆಂಟಿಗೆ ಹೊಲಿದಿಟ್ಟ ಬಟ್ಟೆ ಕೆಳಗೇ ಉಳಿಯಿತು. ನಾನು ಯಾವ ಪಕ್ಷವನ್ನೂ ಸೇರದೆ ಇಬ್ಬರ ಮಾತನ್ನೂ ನಂಬಿದೆ. ಬಸ್ಸಿನಲ್ಲಿ ಹೋಗುವಾಗ ಬಲಗೆನ್ನೆಯನ್ನು ಕಿಟಕಿಯ ಕಡೆಗೂ, ಬರುವಾಗ ಎಡಗೆನ್ನೆಯನ್ನು ಕಿಟಕಿಯ ಕಡೆಗೂ ಕೊಟ್ಟು ಕೂತು ಊರಿಗೆ ಅನ್ಯಾಯವಾಗದಂತೆ ನೋಡಿಕೊಂಡೆ.

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಹೇಗೆ ಹಚ್ಚುತ್ತೀರಿ, ಒಮ್ಮೆ ತೋರಿಸಿ ಎಂದರು. ಕನ್ನಡಿ ಕೇಳಿದೆ. ಕೊಟ್ಟರು. ಎಡ ಎಂದು ಬರೆದ ಸೀಸೆ ತೆಗೆದು, ನಾಲ್ಕು ಹನಿ ಹಾಕಿಕೊಂಡು, ಬಲಗೆನ್ನೆಗೆ ಕೆಳಗಿನಿಂದ ಮೇಲಕ್ಕೆ ನಾಜೂಕಾಗಿ ಸವರಿದೆ. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಂತಿತು. ನನ್ನ ಕೈಚಳಕಕ್ಕೆ ಮೆಚ್ಚಿ ಬೆರಗಾಗಿದ್ದಾರೆ ಎಂದುಕೊಂಡು, ಎದುರು ನಿಂತ ಗಾಡಿಯ ನಿಯಮವನ್ನೂ ಬಿಡಿಸಿ ಹೇಳಿದೆ. ನರ್ಸು ಕೈಯಲ್ಲಿದ್ದ ತಟ್ಟೆ ಇಟ್ಟು ಹೊರಗೆ ಓಡಿದಳು. ಬಾಗಿಲಾಚೆಯಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಬಹಳ ಹೊತ್ತು ಬರುತ್ತಿತ್ತು.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೊದಲಿನಿಂದಲೂ ಹೀಗೇನಾ?"

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ."

ಎಡ ಬಲ ತಿರುವುಮುರುವಾಗಿದೆ ಎಂದರು. ಮೇಲಿನವರನ್ನು ಕೇಳಬೇಕು, ಅಲ್ಲಿಯತನಕ ಹಚ್ಚುವುದನ್ನು ನಿಲ್ಲಿಸಿ, ನಾವೇ ತಿಳಿಸುತ್ತೇವೆ ಎಂದು ಇನ್ನೊಮ್ಮೆ ಫೋಟೋ ತೆಗೆದು ಕಳಿಸಿದರು.

ಬೇರೆ ಯಾರಾದರೂ ಆಗಿದ್ದರೆ ಇದರಿಂದ ಕುಗ್ಗಿಹೋಗುತ್ತಿದ್ದರು. ನಾನು ಬಣ್ಣದವನು. ನಮ್ಮಲ್ಲಿ ಉಜ್ಜುತ್ತಿರುವವನಿಗೆ ಸಾಕು ನಿಲ್ಲಿಸು ಎಂದರೆ ಮೈ ನುಣುಪಾಯಿತು ಎಂದರ್ಥ. ತಿರುವುಮುರುವಿನ ಮಾತನ್ನು ನರ್ಸಿನ ಕೆಮ್ಮಿನ ಜೊತೆಗೇ ಅಲ್ಲೇ ಬಿಟ್ಟು ಬಂದು, ಅವಧಿಗೆ ಮೊದಲೇ ನನ್ನದು ಮುಗಿಯಿತು, ಇನ್ನು ಹಚ್ಚುವ ಅಗತ್ಯವೇ ಇಲ್ಲವಂತೆ ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಮೆಟ್ಟಿಲ ಕಡೆಗೆ ಮುಖ ಮಾಡಿ ಅದನ್ನೇ ಗಟ್ಟಿಯಾಗಿ ಹೇಳಿದಳು. ಎರಡೂ ಕೆನ್ನೆ ಗೆದ್ದವು ಎಂದ ಮೇಲೆ ಜಗಳವೆಲ್ಲಿ? ಮಹಡಿಯ ಆಂಟಿ ಇಳಿದು ಬಂದು ಬಟ್ಟೆ ತೆಗೆದುಕೊಂಡು ಹೋದರು. ಯಜಮಾನರ ಹೆಂಡತಿ ಆಂಟಿಯ ಸ್ನೇಹಿತೆ. ಮಿಕ್ಕದ್ದು ತಾನಾಗಿ ನಡೆಯಿತು.

ಯಜಮಾನರು ಬೆಳಿಗ್ಗೆ ಬಂದವರೇ ನನ್ನ ಗಲ್ಲ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. ಮನೆಯಲ್ಲಿ ಊಟದ ಹೊತ್ತಿಗೂ ನನ್ನ ಕೆನ್ನೆಯದೇ ಮಾತಂತೆ. ಅವರು ಬಣ್ಣ ಪರೀಕ್ಷಿಸುವ ರೀತಿ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಗಾಡಿಯನ್ನು ಎಳೆಬಿಸಿಲಿಗೆ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡುತ್ತಾರೆ. ಕೂದಲೆಳೆಯಷ್ಟು ಅಲೆ ಇದ್ದರೂ ಬೆರಳಿಟ್ಟು ತೋರಿಸುತ್ತಾರೆ. ಆ ಕಣ್ಣಿಗೆ ಹೆದರಿ ದೊಡ್ಡ ದೊಡ್ಡ ವರ್ಕ್‌ಶಾಪಿನವರೂ ಅವರನ್ನು ಕರೆದು ತೋರಿಸುವುದುಂಟು. ನನ್ನನ್ನೂ ಹಾಗೆಯೇ ನಿಲ್ಲಿಸಿ, ಕೂತು, ಒಂದು ಕಣ್ಣು ಮುಚ್ಚಿದರು. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ನಾನು ಉಸಿರು ಬಿಗಿಹಿಡಿದೆ. ಒಳ್ಳೆಯ ಕಾರು ಅಲ್ಲಾಡುವುದಿಲ್ಲ.

"ಸಮನಾಗಿ ಕೂತಿದೆ ಕಣ್ರೋ," ಎಂದರು ಯಜಮಾನರು. "ಫಿನಿಶಿಂಗ್ ಅಂದ್ರೆ ಇದು."

ಹೌದು ಹೌದು ಎಂದು ಸುತ್ತಿಗೆಯವನು ತಲೆಯಾಡಿಸಿದ. ಪಾಲಿಶಿನವನು ನನ್ನ ಕೆನ್ನೆ ಮುಟ್ಟಿ ನೋಡಿ, ತನ್ನ ಬೆರಳು ಜಾರಿತು ಎಂದ. ಅವತ್ತೇ ಕೌಂಟರಿನ ಕುರ್ಚಿ ನನ್ನದಾಯಿತು.

ಆ ದಿನಗಳ ನನ್ನ ಠೀವಿಯನ್ನು ಈಗ ನೆನೆದರೆ ನನಗೇ ಮೈ ಕೆರೆಯುತ್ತದೆ. ಇಸ್ತ್ರಿ ಅಂಗಿ ಹಾಕಿ, ಕುರ್ಚಿಯನ್ನು ಬೇಕಾದಾಗಲೂ ಬೇಡವಾದಾಗಲೂ ತಿರುಗಿಸುತ್ತಿದ್ದೆ. ಗಿರಾಕಿ ಬಂದರೆ ಗಾಡಿಗಿಂತ ಮೊದಲು ನನ್ನ ಮುಖ ಅವರಿಗೆ ಕಾಣುವಂತೆ ಮುಂದೆ ಬಾಗುತ್ತಿದ್ದೆ. ಬಂದವರು ಬಂದಂತೆ ಮಾತಾಡಿದರು, ಗಾಡಿ ಬಿಟ್ಟು ಹೋದರು. ಬಣ್ಣ ಬೇರೆಯಾಗಿದೆ ಎಂದು ಕೂಗಾಡುತ್ತಾ ಬಂದ ಒಬ್ಬರಿಗೆ, ಹಳೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಹೊಸದು ಅದಕ್ಕೆ ಹೊಂದಲು ಒಂದಷ್ಟು ದಿನ ಬೇಕು ಎಂದು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅವರು ತಣ್ಣಗಾಗಿ ಹೋದರು. ಯಜಮಾನರು ಅದನ್ನೂ ಕೆನ್ನೆಯ ಲೆಕ್ಕಕ್ಕೇ ಸೇರಿಸಿದರು. ನಾನೂ ಸೇರಿಸಿದೆ. ಎದೆಯ ಗೊರಗೊರ ಮಾತ್ರ ನಿಜವಾಗಿ ಕಡಿಮೆಯಾಗಿತ್ತು. ಅದನ್ನು ಯಾರೂ ಬಿಸಿಲಿಗೆ ಹಿಡಿದು ನೋಡಲಿಲ್ಲ.

ಒಂದು ಮಧ್ಯಾಹ್ನ ಡಾಕ್ಟರ ಕಾರು ಮತ್ತೆ ಬಂತು. ಈ ಸಲ ಹಿಂದಿನ ಬಂಪರು ಯಾವುದೋ ಕಂಬಕ್ಕೆ ತಾಗಿ ಒಳಗೆ ಹೋಗಿತ್ತು. ಅವರು ನನ್ನನ್ನು ಕೌಂಟರಿನಲ್ಲಿ ನೋಡಿ ಸಂತೋಷಪಟ್ಟು, ನಿಮಗೆ ತಿಳಿಸಬೇಕು ಎಂದೇ ಇದ್ದೆ, ಸ್ವಲ್ಪ ಹೊರಗೆ ಬರುತ್ತೀರಾ, ಒಂದು ಮಾತಿದೆ ಎಂದರು.

ಹೋಗಬಹುದಿತ್ತು. ನಾಲ್ಕು ಹೆಜ್ಜೆಯ ಕೆಲಸ. ಆದರೆ ಮಂದಿಯ ಮುಂದೆ ಅವಮಾನವಾದ ಜಾಗ ಅದು, ಮಂದಿಯ ಮುಂದೆಯೇ ಗೆಲ್ಲಬೇಕು ಎಂಬ ಹುಳ ನನ್ನ ತಲೆಗೆ ಹೊಕ್ಕಿತ್ತು. ಯಜಮಾನರನ್ನು ಕರೆದೆ. ಸುತ್ತಿಗೆಯವನನ್ನೂ ಪಾಲಿಶಿನವನನ್ನೂ ಕರೆದೆ. ಕಾರು ತೊಳೆಸುತ್ತಿದ್ದ ಗಿರಾಕಿಯೊಬ್ಬರು ಕರೆಯದೆಯೇ ಬಂದರು.

"ಇಲ್ಲೇ ಹೇಳಿ ಮೇಡಂ, ಎಲ್ರೂ ನಮ್ಮವರೇ. ಯಾವ ಕೆನ್ನೆ ಗೆದ್ದಿತು?"

ಅವರು ಹಿಂಜರಿದರು. ಹೊರಗೇ ಮಾತಾಡೋಣ ಎಂದು ಇನ್ನೊಮ್ಮೆ ಹೇಳಿದರು. ನಾನು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, ಸಂಶೋಧನೆಯಲ್ಲಿ ಮುಚ್ಚುಮರೆ ಇರಬಾರದು ಎಂದೆ.

"ಎಡ ಬಲ ಬದಲಾಗಿತ್ತಲ್ಲ, ಅದಕ್ಕೇ ನಿಮ್ಮನ್ನ ಸಂಶೋಧನೆಯಿಂದ ತೆಗೆದಿದ್ದಾರೆ," ಎಂದರು ಡಾಕ್ಟರು, ಮೆಲ್ಲಗೆ. "ಕೆನ್ನೆ ಗೆಲ್ಲೋ ಮಾತೇ ಇಲ್ಲ. ನಿಮ್ಮ ಎರಡು ಸಲದ ಫೋಟೋನೂ ಪಕ್ಕಪಕ್ಕ ಇಟ್ಟು ನೋಡಿದ್ವಿ. ಮೊದಲು ಹೇಗಿತ್ತೋ ಈಗ್ಲೂ ಹಾಗೇ ಇದೆ. ಎರಡೂ ಕಡೆ."

ಕುರ್ಚಿ ಇನ್ನೂ ತಿರುಗುತ್ತಿತ್ತು. ಅದು ನಿಲ್ಲುವ ಹೊತ್ತಿಗೆ ನನ್ನ ಮುಖ ಗೋಡೆಯ ಕಡೆಗಿತ್ತು. ಅಲ್ಲಿಯೇ ಇದ್ದುಬಿಡೋಣ ಅನ್ನಿಸಿತು. ತಿರುಗಿ ನೋಡಿದರೆ ಪಾಲಿಶಿನವನು ತನ್ನ ಬೆರಳನ್ನು ದಿಟ್ಟಿಸುತ್ತಿದ್ದ. ಸುತ್ತಿಗೆಯವನು, ನನಗೆ ಮೊದಲೇ ಅನುಮಾನವಿತ್ತು ಎಂದು ಗಿರಾಕಿಯ ಕಿವಿಯಲ್ಲಿ ಹೇಳಿದ. ಅವನ ಪಿಸುಮಾತು ಗೇಟಿನ ತನಕ ಕೇಳುತ್ತದೆ.

ಯಜಮಾನರು ಹತ್ತಿರ ಬಂದು ನನ್ನ ಗಲ್ಲ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದರು. ಎಲ್ಲರೂ ಹಿಂದೆಯೇ ಬಂದರು, ಡಾಕ್ಟರೂ ಕೂಡ. ಯಜಮಾನರು ಈ ಸಲ ಕುಕ್ಕರಗಾಲಲ್ಲಿ ಕೂರಲಿಲ್ಲ. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದನ್ನು. ಹೆಬ್ಬೆರಳಿನಿಂದ ಬಲಗೆನ್ನೆಯ ಮೇಲೆ ಒಂದೊಂದೇ ಗುಂಡಿಯನ್ನು ತಡವುತ್ತಾ ಬಂದರು. ಅವೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅವರ ಮುಖದ ಬಣ್ಣ ಇಳಿಯಿತು. ಬೈಯುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಬಣ್ಣದ ಕೋಣೆಯ ಬಾಗಿಲು ಅವರ ಹೆಗಲಾಚೆ ತೆರೆದುಕೊಂಡೇ ಇತ್ತು.

"ಹಾಗಾದ್ರೆ," ಎಂದರು ಯಜಮಾನರು, ಅವರ ದನಿ ಅಷ್ಟು ಮೆತ್ತಗೆ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ, "ಅವತ್ತು ನಾನು ನೋಡಿದ್ದು ಏನೋ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಂಥ ಒಂದು ಗಳಿಗೆಗಾಗಿ ನಾನು ಎಷ್ಟೋ ಮಾತುಗಳನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಅವುಗಳಲ್ಲಿ ಒಂದನ್ನು ಹೆಕ್ಕಲು ಬಾಯಿ ತೆರೆದೆ.

ಗೇಟಿನಲ್ಲಿ ಒಂದು ಹಳೆಯ ಕಾರು ಬಂದು ನಿಂತಿತು. ಮುಂದಿನ ದೀಪ ಒಡೆದು, ಬಾನೆಟ್ಟು ಮುದುಡಿತ್ತು. ಇಳಿದವರು ಯಾರನ್ನು ಕೇಳುವುದೆಂದು ಸುತ್ತ ಕಣ್ಣಾಡಿಸಿ, ಇಷ್ಟೂ ಜನರ ನಡುವೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿ ಕೈಯೆತ್ತಿದರು.

ನಾನು ಯಜಮಾನರ ಬೆರಳುಗಳಿಂದ ಗಲ್ಲ ಬಿಡಿಸಿಕೊಂಡು, ಅಂಗಿ ಸರಿಮಾಡಿಕೊಂಡು, ಗಿರಾಕಿಯ ಕಡೆಗೆ ನಡೆದೆ.